ಜನನ–ಮರಣ ನೋಂದಣಿಯೇ ಪೂರ್ತಿ ಇಲ್ಲ, ಊರಿನ ಜನಸಂಖ್ಯೆ ಎಷ್ಟು ಬೆಳೆದಿದೆ ಅಂತ ಹೇಳೋದು ಹೇಗೆ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಹಳ್ಳಿ. ನೋಂದಣಿಯಲ್ಲಿ ಎಷ್ಟೋ ಜನನ, ಮರಣ ಬಿಟ್ಟುಹೋಗಿವೆ. ಇದ್ದಷ್ಟರಲ್ಲೇ ಹುಟ್ಟಿದವರಿಂದ ಸತ್ತವರನ್ನು ಕಳೆದರೆ ಬೆಳವಣಿಗೆ ಸಿಗುತ್ತಾ?

ಸಿಗಲ್ಲ. ಹುಟ್ಟು, ಸಾವು ಎರಡೂ ಒಂದೇ ಪ್ರಮಾಣದಲ್ಲಿ ಬಿಟ್ಟುಹೋಗಿದ್ದರೆ ಲೆಕ್ಕ ಸುಲಭವಿತ್ತು. 1969ರ ಜನನ–ಮರಣ ನೋಂದಣಿ ಕಾಯ್ದೆ ಎರಡನ್ನೂ 21 ದಿನದೊಳಗೆ ತಿಳಿಸಿ ಅನ್ನುತ್ತದೆ. ಜನನವನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ, ಮುಂದೆ ಶಾಲೆಗೂ ಪ್ರಮಾಣಪತ್ರ ಬೇಕು. ಸಾವಿನ ಕತೆ ಬೇರೆ. ಅಜ್ಜಿ ಮನೆಯಲ್ಲೇ ತೀರಿಕೊಂಡರು, ಸ್ವಂತ ಹೊಲದಲ್ಲೇ ಮಣ್ಣು ಮಾಡಿದರು, ಅವರ ಹೆಸರಲ್ಲಿ ಜಮೀನೂ ಇಲ್ಲ, ವಿಮೆಯೂ ಇಲ್ಲ. ಪ್ರಮಾಣಪತ್ರಕ್ಕೆ ಯಾರು ಓಡಾಡುತ್ತಾರೆ? ಮನೆಯಲ್ಲೇ ಹುಟ್ಟಿ ನಾಲ್ಕು ದಿನಕ್ಕೆ ಹೋದ ಕೂಸಿನದಂತೂ ಹುಟ್ಟೂ ಬರೆಸಿರಲ್ಲ, ಸಾವೂ ಬರೆಸಿರಲ್ಲ.

ಇದಕ್ಕೆ ದಾರಿ ಎರಡನೇ ಪಟ್ಟಿ. ಚಂದ್ರಶೇಖರ್ ಮತ್ತು ಡೆಮಿಂಗ್ ಎಂಬಿಬ್ಬರು ಸಂಖ್ಯಾಶಾಸ್ತ್ರಜ್ಞರು ಕಲ್ಕತ್ತಾ ಹತ್ತಿರದ ಸಿಂಗೂರಿನ ದಾಖಲೆಗಳನ್ನಿಟ್ಟುಕೊಂಡು 1949ರಲ್ಲೇ ಇದನ್ನು ತೋರಿಸಿದ್ದರು. ಒಂದು ಪಟ್ಟಿ ನೋಂದಣಿಯದ್ದು. ಇನ್ನೊಂದು, ಅದನ್ನು ನೋಡದೆ ಮನೆಮನೆಗೆ ಹೋಗಿ ಬರೆದದ್ದು.

4,000 ಜನರ ಊರು ಅಂದುಕೊಳ್ಳಿ. ವರ್ಷದಲ್ಲಿ ನೋಂದಣಿಯಲ್ಲಿ 80 ಜನನ, ಮನೆಮನೆ ಪಟ್ಟಿಯಲ್ಲಿ 75, ಎರಡರಲ್ಲೂ ಇರುವವು 60. ಮನೆಮನೆ ಪಟ್ಟಿಯ 75ರಲ್ಲಿ 60 ನೋಂದಣಿಯಲ್ಲೂ ಇವೆ, ಅಂದರೆ ನೋಂದಣಿ ಹಿಡಿಯುತ್ತಿರುವುದು ನೂರಕ್ಕೆ 80. ಹಾಗಾದರೆ ನಿಜವಾದ ಜನನ ಸುಮಾರು 100. ಮರಣಕ್ಕೂ ಹೀಗೇ: ನೋಂದಣಿಯಲ್ಲಿ 18, ಮನೆಮನೆಯಲ್ಲಿ 20, ಎರಡರಲ್ಲೂ 12. ಇಲ್ಲಿ ನೋಂದಣಿ ಹಿಡಿದದ್ದು ನೂರಕ್ಕೆ 60 ಮಾತ್ರ, ನಿಜವಾದ ಸಾವು ಸುಮಾರು 30. ಬೆಳವಣಿಗೆ 70, ಅಂದರೆ ಶೇ. 1.75. ನೋಂದಣಿಯನ್ನಷ್ಟೇ ನಂಬಿದ್ದರೆ 62 ಬರುತ್ತಿತ್ತು. ಜನನದ ಶೇ. 80ನ್ನೇ ಸಾವಿಗೂ ಹಚ್ಚಿದ್ದರೆ 77 ದಾಟುತ್ತಿತ್ತು. ಜಾಸ್ತಿ ಜನ ಎಡವುವುದು ಇಲ್ಲೇ.

ಸೂತ್ರ ಸುಲಭ, ತಲೆನೋವು ಇರುವುದು ಹೆಸರು ಹೊಂದಿಸುವುದರಲ್ಲಿ. ನೋಂದಣಿಯಲ್ಲಿ ಕೂಸಿಗೆ ಇನ್ನೂ ಹೆಸರಿರಲ್ಲ. ತಾಯಿ ಒಂದು ಕಡೆ ಮಹಾದೇವಿ, ಇನ್ನೊಂದು ಕಡೆ ಮಾದೇವಮ್ಮ. ನಮ್ಮ ಕಡೆ ಒಂದೇ ಓಣಿಯಲ್ಲಿ ಮೂವರು ಶರಣಪ್ಪ ಇದ್ದರೂ ಆಶ್ಚರ್ಯವಿಲ್ಲ, ಅಲ್ವಾ? ಹುಟ್ಟಿದ ದಿನ, ತಾಯಿಯ ಹೆಸರು, ಮನೆ ಮೂರನ್ನೂ ಕೂಡಿಸಿ ನೋಡಿ. ಹೆರಿಗೆ ಕಲಬುರಗಿ ಆಸ್ಪತ್ರೆಯಲ್ಲಾದರೆ ನೋಂದಣಿಯೂ ಅಲ್ಲೇ ಆಗುತ್ತದೆ, ನಿಮ್ಮ ಊರಿನ ಪಟ್ಟಿಗೆ ಬರುವುದಿಲ್ಲ. ತವರಿಗೆ ಬಂದು ಹೆತ್ತವರದ್ದು ಇದಕ್ಕೆ ಉಲ್ಟಾ. ತಾಯಿ ಸಾಮಾನ್ಯವಾಗಿ ಇರುವ ಊರು ಯಾವುದೋ ಅಲ್ಲಿಗೇ ಕೂಸನ್ನು ಸೇರಿಸಿ.

ಎರಡನೇ ಪಟ್ಟಿಯವರು ಸುಮ್ನೆ ಮೊದಲನೆಯದನ್ನು ನಕಲು ಮಾಡಿದರೆ ಎಲ್ಲ ಹೆಸರೂ ಹೊಂದಿಕೊಳ್ಳುತ್ತವೆ, ಏನೂ ಬಿಟ್ಟಿಲ್ಲ ಎಂದೇ ಉತ್ತರ ಬರುತ್ತದೆ. ಗುಳೆ ಹೋದ ಕುಟುಂಬಗಳು ಎರಡೂ ಪಟ್ಟಿಯಿಂದ ಒಟ್ಟಿಗೇ ತಪ್ಪುವುದರಿಂದಲೂ ಅಂದಾಜು ಕಡಿಮೆಯಾಗುತ್ತದೆ. ಅದಕ್ಕೇ ಮನೆಮನೆ ಸುತ್ತನ್ನು ಯುಗಾದಿಗೋ ಊರ ಜಾತ್ರೆಗೋ ಅವರು ಬಂದಾಗ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಈ ಶೇ. 1.75 ಹುಟ್ಟು–ಸಾವಿನದ್ದು ಮಾತ್ರ. ಜನಗಣತಿಯಲ್ಲಿ ಯಾದಗಿರಿ ಪ್ರದೇಶದ ಜನಸಂಖ್ಯೆ 2001ರಲ್ಲಿ ಸುಮಾರು 9.56 ಲಕ್ಷ, 2011ರಲ್ಲಿ ಸುಮಾರು 11.74 ಲಕ್ಷ, ಅಂದರೆ ವರ್ಷಕ್ಕೆ ಶೇ. 2ರ ಆಸುಪಾಸು. ಅದರಲ್ಲಿ ಬಂದವರು, ಹೋದವರ ಲೆಕ್ಕವೂ ಸೇರಿದೆ. ನಿಮ್ಮ ಅಂಕಿಯನ್ನು ಅದರ ಪಕ್ಕ ಇಡುವ ಮೊದಲು ಊರು ಬಿಟ್ಟವರ, ಹೊಸದಾಗಿ ಬಂದವರ ಪಟ್ಟಿಯನ್ನೂ ಬೇರೆಯಾಗಿ ಬರೆದುಕೊಳ್ಳಿ.