ನಾಯಿಯ ಹಕ್ಕಳೆ ಹೋಯಿತು, ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ನಾಯಿಗೆ ಮೂಗು, ಕಿವಿ, ಅಂಗಾಲಿನಲ್ಲೆಲ್ಲ ಹಕ್ಕಳೆ ಕಟ್ಟಿತ್ತು. ಪೆಂಫಿಗಸ್ ಎಂಬ ಚರ್ಮರೋಗ ಅಂತ ಹೇಳಿ ಡಾಕ್ಟ್ರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಈಗ ಚರ್ಮ ಚೆನ್ನಾಗಿದೆ. ಆದರೆ ನೀರು ಕುಡಿಯುವುದು, ಮೂತ್ರ ಮಾಡುವುದು ಎರಡೂ ಜಾಸ್ತಿ. ಮಾತ್ರೆ ನಿಲ್ಲಿಸಬಹುದಾ? ಮಕ್ಕಳಿಗೆ ಹರಡುತ್ತದಾ?
– ಬದಿಯಡ್ಕದ ಓದುಗರು

ಉತ್ತರ: ಒಮ್ಮೆಲೇ ನಿಲ್ಲಿಸಬೇಡಿ. ಮಾತ್ರೆ ದಿನಾ ಹೊಟ್ಟೆಗೆ ಹೋಗುವಾಗ ನಾಯಿಯ ಅಡ್ರಿನಲ್ ಗ್ರಂಥಿ ತಾನು ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಕಡಿಮೆ ಮಾಡಿರುತ್ತದೆ. ಮಾತ್ರೆ ಫಕ್ಕನೆ ನಿಂತರೆ ವಾಂತಿ, ಸುಸ್ತು ಶುರುವಾಗಿ ನಾಯಿ ಕುಸಿದು ಬೀಳಬಹುದು. ಹಕ್ಕಳೆಯೂ ವಾಪಸ್ ಬರುತ್ತದೆ.

ಯಾಕೆಂದರೆ ರೋಗ ಹೋಗಿಲ್ಲ, ಅಡಗಿದೆ ಅಷ್ಟೆ. ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೊಟೀನಿನ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುತ್ತದೆ. ಮುರಕಲ್ಲಿನ ಗೋಡೆಯ ಗಾರೆ ಉದುರಿದ ಹಾಗೆ ಜೀವಕೋಶಗಳು ಬಿಡಿಬಿಡಿಯಾಗುತ್ತವೆ. ಅಲ್ಲಿ ಕೀವುಗುಳ್ಳೆ ಎದ್ದು, ಒಡೆದು, ಹಕ್ಕಳೆ ಕಟ್ಟುತ್ತದೆ. ಈ ದಾಳಿ ತಡೆಯಲು ಶುರುವಿಗೆ ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 2 ಮಿಲಿಗ್ರಾಂ ಅಥವಾ ಸ್ವಲ್ಪ ಹೆಚ್ಚೇ ಕೊಡುತ್ತಾರೆ. ಹೊಸ ಗುಳ್ಳೆ ಏಳುವುದು ನಿಂತ ಮೇಲೆ ಕೆಲವು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸಿ, ದಿನ ಬಿಟ್ಟು ದಿನಕ್ಕೆ ತರುತ್ತಾರೆ. ಇದು ತಿಂಗಳುಗಟ್ಟಲೆಯ ಕೆಲಸ. ಕೆಲವು ನಾಯಿಗಳಿಗೆ ಜೀವನಪೂರ್ತಿ ಸಣ್ಣ ಡೋಸ್ ಬೇಕಾಗುತ್ತದೆ.

ಬಾಯಾರಿಕೆ, ಹಸಿವು, ಏದುಸಿರು ಎಲ್ಲ ಈ ಮಾತ್ರೆಯದ್ದೇ. ನೀರು ಮಾತ್ರ ಕಡಿಮೆ ಮಾಡಬೇಡಿ. ತೊಂದರೆ ವಿಪರೀತವಾದರೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಬೇರೆ ಔಷಧಿಗಳಾದ ಅಜಥಿಯೋಪ್ರಿನ್ ಅಥವಾ ಸೈಕ್ಲೋಸ್ಪೊರಿನ್ ಸೇರಿಸಿ ಸ್ಟೀರಾಯ್ಡ್ ಇಳಿಸುವ ದಾರಿ ಇದೆ, ಡಾಕ್ಟ್ರ ಹತ್ತಿರ ಕೇಳಿ. ಅಜಥಿಯೋಪ್ರಿನ್ ಆದರೆ ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಪೆಂಫಿಗಸ್ ಯಾರಿಗೂ ಹರಡುವುದಿಲ್ಲ. ಹುಳುಕಡ್ಡಿ ಎಂಬ ಫಂಗಸ್ ರೋಗ ಹರಡುತ್ತದೆ! ಅದೂ ಇದೇ ಥರ ಕಾಣಬಹುದು. ಹಾಗಾಗಿ ನಾನು ಕೇಳುವುದು ಒಂದೇ: ಚರ್ಮ ಕೆರೆದು ನೋಡಿದ್ದಾರಾ, ಫಂಗಸ್ ಪರೀಕ್ಷೆ, ಬಯಾಪ್ಸಿ (ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಆಗಿದೆಯಾ? ಫಂಗಸ್ಸೋ ಡೆಮೊಡೆಕ್ಸ್ ಎಂಬ ಕಜ್ಜಿಹುಳವೋ ಇದ್ದರೆ ಸ್ಟೀರಾಯ್ಡಿನಿಂದ ಅದು ಇನ್ನೂ ಹೆಚ್ಚುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಂತೂ ಸುಮ್ನೆ ಕಣ್ಣಲ್ಲಿ ನೋಡಿ ಹೇಳಿದ್ದು ಸಾಲದು. ಮಂಗಳೂರಿಗೆ ಕರೆದುಕೊಂಡು ಹೋಗುವುದಾದರೆ ಹಳೆ ಚೀಟಿಗಳೆಲ್ಲ ಕೈಯಲ್ಲಿರಲಿ.

ತೋಟಕ್ಕೆ ತಂದ ಮೈಲುತುತ್ತು, ಗಾಡಿಯ ಹಳೇ ಆಯಿಲ್ ಹಚ್ಚಲೇಬೇಡಿ. ನಾಯಿ ನೆಕ್ಕುತ್ತದೆ, ಎರಡೂ ವಿಷ. ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಇದರ ಜೊತೆ ಕೊಟ್ಟರೆ ಹೊಟ್ಟೆ ಹುಣ್ಣಾಗುತ್ತದೆ. ಮಲ ಟಾರಿನಂತೆ ಕಪ್ಪಾದರೆ ಮರುದಿನಕ್ಕೆ ಕಾಯದೆ ಡಾಕ್ಟ್ರಿಗೆ ಫೋನ್ ಮಾಡಿ.