ಗಿಡ್ಡ ತಳಿಯ ಕ್ಯಾಟ್‌ಮಿಂಟ್ ನಡು ಬಾಯ್ಬಿಟ್ಟು ಮಲಗುವುದೇಕೆ?

ಪ್ರಶ್ನೆ: ಹೆಚ್ಚು ಆರೈಕೆ ಬೇಡದ ಗಿಡ ಎಂದು ಕೇಳಿ ಪುದೀನ ಕುಟುಂಬಕ್ಕೆ ಸೇರಿದ, ನೀಲಿ ಹೂವಿನ, ಗಿಡ್ಡ ಜಾತಿಯ ಕ್ಯಾಟ್‌ಮಿಂಟ್ ನೆಟ್ಟಿದ್ದೆ. ಮೊದಲ ವರ್ಷ ದುಂಡಗೆ, ಅಚ್ಚುಕಟ್ಟಾಗಿತ್ತು. ಈಗ ಹೂ ಬಂದು ಎರಡು ವಾರ ಆಗುವಷ್ಟರಲ್ಲಿ ನಡುವೆ ಬಾಯ್ಬಿಟ್ಟು ಸುತ್ತಲೂ ಬಿದ್ದುಬಿಡುತ್ತದೆ. ಗೊಬ್ಬರ ಸಾಲದೇ? ಕೋಲು ಕೊಟ್ಟು ಕಟ್ಟಬೇಕೇ?

ಉತ್ತರ: ಗೊಬ್ಬರವೂ ಬೇಡ, ಕೋಲೂ ಬೇಡ. ಕ್ಯಾಟ್‌ಮಿಂಟ್ ಮಲಗುವುದು ಸಾಮಾನ್ಯವಾಗಿ ಉಪವಾಸದಿಂದಲ್ಲ, ಅಜೀರ್ಣದಿಂದ.

ಸದ್ಯಕ್ಕೆ ಮಾಡಬೇಕಾದ ಕೆಲಸ ಒಂದೇ. ಹರಿತವಾದ ಕತ್ತರಿ ಹಿಡಿದು ಇಡೀ ಗಿಡವನ್ನು ನೆಲದಿಂದ 8–10 ಸೆಂ.ಮೀ. ಉಳಿಯುವಂತೆ ಕತ್ತರಿಸಿಬಿಡಿ. ಅರ್ಧ ಹೂ ಇನ್ನೂ ಇದೆಯಲ್ಲ ಎಂದು ಹಿಂದೆಮುಂದೆ ನೋಡಬೇಡಿ. ಬಿದ್ದ ಕಾಂಡ ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ, ತುದಿಯಷ್ಟೇ ಡೊಂಕಾಗಿ ಮೇಲೇಳುತ್ತದೆ. ಬುಡವನ್ನು ಬಿಡಿಸಿ ನೋಡಿದರೆ ಅಲ್ಲಿ ಸಣ್ಣ ಸಣ್ಣ ಚಿಗುರುಗಳು ಆಗಲೇ ಕಾದಿರುವುದು ಕಾಣುತ್ತದೆ. ಅವಕ್ಕೆ ಬೆಳಕು ಸಿಕ್ಕರೆ ಮೂರು-ನಾಲ್ಕು ವಾರದಲ್ಲಿ ಗಿಡ ಮತ್ತೆ ದುಂಡಗಾಗಿ ಎರಡನೇ ಸಲ ಹೂ ಬಿಡುತ್ತದೆ. ಕತ್ತರಿಸಿದ ದಿನ ಒಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ ನೀರು ಕೊಡಿ, ಅಷ್ಟು ಸಾಕು.

ಆದರೆ ಮೂಲ ಕಾರಣ ಹಾಗೇ ಉಳಿದರೆ ಮುಂದಿನ ವರ್ಷವೂ ಇದೇ ಪಾಡು. ಕಾರಣ ಯಾವುದೆಂದು ಗಿಡವೇ ತೋರಿಸುತ್ತದೆ. ಎಲೆ ಅಗಲವಾಗಿ ಕಡುಹಸಿರಾಗಿದ್ದು, ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗಿದ್ದರೆ ಸಾರಜನಕ ಅತಿಯಾಗಿದೆ. ಕಾಂಡಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದರೆ ಬಿಸಿಲು ಸಾಲುತ್ತಿಲ್ಲ. ಹೊರಸುತ್ತಿನಲ್ಲಿ ಹಸಿರಿದ್ದು ನಡುವೆ ಒಣಗಿದ, ಕಟ್ಟಿಗೆಯಂಥ ಬುಡ ಮಾತ್ರ ಉಳಿದಿದ್ದರೆ ಗಿಡಕ್ಕೆ ವಯಸ್ಸಾಗಿದೆ, ಬಿಡಿಸಿ ನೆಡುವ ಕಾಲ ಬಂದಿದೆ. ಒಂದು ಕಡೆ ಮಾತ್ರ ಕಾಂಡ ಮುರಿದು ಚಪ್ಪಟೆಯಾಗಿದ್ದರೆ? ಅದು ಈ ಗಿಡದ ವಾಸನೆಗೆ ಬಂದು ಹೊರಳಾಡುವ ಬೆಕ್ಕಿನ ಕೆಲಸ.

ಇದರಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ತೋಟಗಳಲ್ಲಿ ಬೆಳೆಸುವ ಕ್ಯಾಟ್‌ಮಿಂಟ್ ಬಹುಪಾಲು ನೆಪೆಟಾ ಫಾಸೆನಿ ಎಂಬ ಮಿಶ್ರತಳಿ. ಇದರ ಮೂಲ ಜಾತಿಗಳಲ್ಲಿ ಒಂದಾದ ನೆಪೆಟಾ ರೆಸಿಮೋಸಾ ಕಾಕಸಸ್, ಟರ್ಕಿ, ಉತ್ತರ ಇರಾನ್ ಕಡೆಯದು. ಎಲೆಯ ಮೇಲಿನ ಬೂದುಬಣ್ಣದ ನವಿರು ರೋಮ ಒಣ ಹವೆಯಲ್ಲಿ ತೇವ ಕಳೆದುಕೊಳ್ಳದಂತೆ ಇರುವ ಏರ್ಪಾಡು. ಇಂಥ ಗಿಡವನ್ನು ಗುಲಾಬಿಗೆ ಮಾಡುವಂತೆ ಗೊಬ್ಬರ ತುಂಬಿದ ಮಡಿಯಲ್ಲಿಟ್ಟು ದಿನವೂ ನೀರುಣಿಸಿದರೆ ಕಾಂಡ ನೀರು ಕುಡಿದು ಮೆತ್ತಗಾಗುತ್ತದೆ. ಹೂವಿನ ಭಾರ, ಮೇಲೊಂದು ಜೋರು ಮಳೆ, ಅಲ್ಲಿಗೆ ಮುಗಿಯಿತು. ನೀವಾಗಿ ಗೊಬ್ಬರ ಹಾಕದಿದ್ದರೂ ಅದು ಸೇರುವ ದಾರಿಗಳಿವೆ. ಹುಲ್ಲುಹಾಸಿನ ಅಂಚಿನಲ್ಲಿ ನೆಟ್ಟ ಗಿಡಕ್ಕೆ ಹುಲ್ಲಿಗೆಂದು ಎರಚಿದ ಯೂರಿಯಾ ತಲುಪುತ್ತದೆ, ಪಕ್ಕದ ಗಿಡದ ಹನಿ ನೀರಾವರಿ ಇದರ ಬುಡವನ್ನೂ ನೆನೆಸುತ್ತದೆ.

ಹಾಗಾಗಿ ವಸಂತದ ಆರಂಭದಲ್ಲಿ ಒಂದು ಸೆಂ.ಮೀ. ದಪ್ಪದಷ್ಟು ಹಳೆಯ ಕಾಂಪೋಸ್ಟ್ ಹರಡಿದರೆ ವರ್ಷಕ್ಕೆ ಸಾಕು. ಮಣ್ಣು ತಕ್ಕಮಟ್ಟಿಗೆ ಚೆನ್ನಾಗಿದ್ದರೆ ಅದೂ ಬೇಡ.

ತಳಿಯನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ

ನಿಮ್ಮ ಗಿಡ ನಿಜಕ್ಕೂ ಗಿಡ್ಡ ತಳಿಯದೇ? 2007ರಲ್ಲಿ ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ ವರ್ಷದ ಗಿಡವಾಗಿ ಆರಿಸಿದ ‘ವಾಕರ್ಸ್ ಲೋ’ ಎಲ್ಲೆಡೆ ಸಿಗುತ್ತದೆ. ಹೆಸರು ನೋಡಿ ಕುಳ್ಳ ಎಂದುಕೊಳ್ಳುವವರೇ ಹೆಚ್ಚು, ಆದರೆ ಅದು 60–75 ಸೆಂ.ಮೀ. ಎತ್ತರ ಹೋಗುತ್ತದೆ, ಅಗಲ ಅದಕ್ಕಿಂತ ಹೆಚ್ಚು. ‘ಸಿಕ್ಸ್ ಹಿಲ್ಸ್ ಜೈಂಟ್’ ಸುಮಾರು 90 ಸೆಂ.ಮೀ. ಇವೆರಡೂ ಮಲಗುವುದು ಸಹಜ, ದೊಡ್ಡ ಜಾಗದಲ್ಲಿ ಹಾಗೆ ಹರಡಿದರೇ ಚೆಂದ. ಅಚ್ಚುಕಟ್ಟು ಬೇಕಿದ್ದರೆ ‘ಕ್ಯಾಟ್ಸ್ ಪಜಾಮಾಸ್’ ನೋಡಿ. ಎತ್ತರ 30–35 ಸೆಂ.ಮೀ., ಅಗಲ 45–50, ಮತ್ತು ಕಾಂಡದ ತುದಿಯಲ್ಲಿ ಮಾತ್ರವಲ್ಲ, ಉದ್ದಕ್ಕೂ ಹೂ. ‘ಜೂನಿಯರ್ ವಾಕರ್’ 40 ಸೆಂ.ಮೀ. ಆಸುಪಾಸು ನಿಲ್ಲುತ್ತದೆ, ಆದರೆ ಅಡ್ಡಕ್ಕೆ 75–90 ಸೆಂ.ಮೀ. ಹರಡುತ್ತದೆ. ಕಿರಿದಾದ ಕಾಲುದಾರಿಯ ಅಂಚಿಗೆ ಅದನ್ನು ನೆಡಬೇಡಿ.

ಬೀಜದ ಪೊಟ್ಟಣದಿಂದ ಬೆಳೆಸಿದ್ದರೆ ಅದು ಫಾಸೆನಿ ಅಲ್ಲವೇ ಅಲ್ಲ. ಈ ಮಿಶ್ರತಳಿ ಬೀಜ ಕಟ್ಟುವುದಿಲ್ಲ. ಬೀಜದಿಂದ ಬಂದದ್ದು ರೆಸಿಮೋಸಾ ಇರಬಹುದು, ಬೆಕ್ಕುಗಳಿಗೆಂದೇ ಬೆಳೆಸುವ ಎತ್ತರದ ಕ್ಯಾಟ್‌ನಿಪ್ ಇರಬಹುದು. ಅಂಥ ಸಸಿಗಳು ಒಂದರಂತೆ ಒಂದು ಇರುವುದಿಲ್ಲ, ಹೂ ಒಣಗಲು ಬಿಟ್ಟರೆ ಬೀಜ ಉದುರಿ ಎಲ್ಲೆಂದರಲ್ಲಿ ಮೊಳೆಯುತ್ತವೆ.

ನೆಡುವಾಗ

ಕನಿಷ್ಠ ಆರು ಗಂಟೆ ನೇರ ಬಿಸಿಲು, ನೀರು ನಿಲ್ಲದ ಮಣ್ಣು, ಈ ಎರಡರಲ್ಲಿ ರಾಜಿ ಬೇಡ. ನೀರು ಬಸಿಯುತ್ತದೋ ಇಲ್ಲವೋ ಎಂದು ತಿಳಿಯಲು 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಆ ಜಾಗ ಹಾಗೇ ಆಗದು. ಜೇಡಿ ಮಣ್ಣಿನಲ್ಲಿ ಗುಂಡಿಗೆ ಮಾತ್ರ ಮರಳು ತುಂಬುವುದು ಹಲವರು ಮಾಡುವ ಉಪಾಯ, ಫಲ ಮಾತ್ರ ಉಲ್ಟಾ. ಸುತ್ತಲಿನ ಜೇಡಿಗೆ ಇಳಿಯಲಾಗದ ನೀರೆಲ್ಲ ಆ ಮರಳಿನ ಗುಂಡಿಯಲ್ಲೇ ಬಂದು ನಿಂತು ಬೇರು ಕೊಳೆಯುತ್ತದೆ. ಅದರ ಬದಲು 15–20 ಸೆಂ.ಮೀ. ಎತ್ತರದ ಏರುಮಡಿ ಮಾಡಿ.

ಗುಂಡಿ ಬೇರಿನ ಉಂಡೆಯ ಎರಡರಷ್ಟು ಅಗಲ, ಉಂಡೆಯಷ್ಟೇ ಆಳ ಇರಲಿ. ಕುಂಡದಲ್ಲಿ ಮಣ್ಣು ಯಾವ ಮಟ್ಟದಲ್ಲಿತ್ತೋ ಅದೇ ಮಟ್ಟ, ತೇವದ ಜಾಗವಾದರೆ ಒಂದು ಸೆಂ.ಮೀ. ಮೇಲೆ. ಬುಡ ಹೂತುಹೋದರೆ ಕೊಳೆತೀತು. ಗಿಡ್ಡ ತಳಿಗಳಿಗೆ 40 ಸೆಂ.ಮೀ. ಅಂತರ ಸರಿಯಾಗುತ್ತದೆ. ಮೊದಲ ವರ್ಷ ಬೋಳು ಎನಿಸಿದರೂ ಒತ್ತೊತ್ತಾಗಿ ನೆಡಬೇಡಿ, ಗಾಳಿಯಾಡದ ಕಡೆ ಬೂದಿ ರೋಗವೂ ಎಲೆಚುಕ್ಕೆಯೂ ಬೇಗ ಹತ್ತುತ್ತವೆ.

ಮೊದಲ ಋತುವಿನಲ್ಲಿ ಮಳೆ ಇಲ್ಲದ ವಾರ ಗಿಡಕ್ಕೆ 4 ಲೀಟರಿನಷ್ಟು ನೀರು ಒಂದೇ ಸಲಕ್ಕೆ ಕೊಡಿ. ದಿನಾ ಒಂದು ಚೊಂಬು ಸುರಿದರೆ ಬೇರು ಮೇಲ್ಪದರದಲ್ಲೇ ಉಳಿಯುತ್ತದೆ. ಎರಡನೇ ವರ್ಷದಿಂದ ಎರಡು-ಮೂರು ವಾರ ಸತತ ಒಣ ಹವೆ ಇದ್ದಾಗ ಮಾತ್ರ ನೀರು ಕೊಟ್ಟರಾಯಿತು. ಮುಚ್ಚಿಗೆ ಹಾಕುವುದಾದರೆ ಬುಡದ ಸುತ್ತ ಸಣ್ಣ ಜಲ್ಲಿ ವಾಸಿ. ಮರದ ಚಕ್ಕೆ ಹಾಕಿದರೆ ಬುಡದಿಂದ ನಾಲ್ಕೈದು ಸೆಂ.ಮೀ. ದೂರವಿಡಿ.

ಕತ್ತರಿ ಯಾವಾಗ ಹಾಕಬೇಕು

ಆರೈಕೆ ಬೇಡದ ಗಿಡ ಎಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ವರ್ಷಕ್ಕೆ ಎರಡು ಸಲವಾದರೂ ಕತ್ತರಿ ಹಿಡಿಯಲೇಬೇಕು, ಅದೂ ಹೊತ್ತು ನೋಡಿ.

ಮೊದಲನೆಯದು ಚಳಿಗಾಲ ಮುಗಿಯುವಾಗ. ಹಳೆಯ ಒಣ ಕಡ್ಡಿಗಳನ್ನು ಚಳಿಗಾಲವಿಡೀ ಹಾಗೇ ಬಿಟ್ಟಿರಿ, ಬುಡದ ಮೊಗ್ಗುಗಳಿಗೆ ಅವೇ ರಕ್ಷಣೆ. ಬುಡದಲ್ಲಿ ಬೂದುಹಸಿರು ಚಿಗುರು ಕಂಡೊಡನೆ ಹಳೆಯದನ್ನು 5–8 ಸೆಂ.ಮೀ.ಗೆ ಕತ್ತರಿಸಿ. ತಡಮಾಡಿದರೆ ಹೊಸ ಚಿಗುರು ಹಳೆ ಕಡ್ಡಿಗಳ ನಡುವೆ ತೂರಿ ಬೆಳೆಯುತ್ತದೆ, ಆಮೇಲೆ ಒಂದನ್ನು ಬಿಟ್ಟು ಇನ್ನೊಂದನ್ನು ಕತ್ತರಿಸುವುದು ತಲೆನೋವು.

ಎರಡನೆಯದು ಮೊದಲ ಹೂವಿನ ನಂತರ. ಹೂಗೊಂಚಲುಗಳಲ್ಲಿ ಮುಕ್ಕಾಲು ಭಾಗ ಬಾಡಿ, ದೂರದಿಂದ ನೋಡಿದಾಗ ನೀಲಿ ಹೋಗಿ ಕಂದು ಕಾಣತೊಡಗಿದಾಗ ಗಿಡವನ್ನು ಮುಷ್ಟಿಮುಷ್ಟಿಯಾಗಿ ಹಿಡಿದು ಅರ್ಧಕ್ಕೆ ಇಳಿಸಿ. ಒಂದೊಂದೇ ಹೂ ಕೀಳುತ್ತ ಕೂರುವುದು ವ್ಯರ್ಥ. ಹೂವಿನ ತುಂಬ ಜೇನ್ನೊಣ ಇರುವುದರಿಂದ ಈ ಕೆಲಸ ನಸುಕಿಗೋ ಸಂಜೆ ತಂಪಿಗೋ ಇಟ್ಟುಕೊಳ್ಳಿ. ಹಿಮ ಬೀಳುವ ಕಡೆಗಳಲ್ಲಿ, ಮೊದಲ ಹಿಮಕ್ಕೆ ಆರು ವಾರ ಇರುವಾಗ ಕತ್ತರಿಸುವುದನ್ನು ನಿಲ್ಲಿಸಬೇಕು. ಆಮೇಲೆ ಬಂದ ಎಳೆ ಚಿಗುರು ಬಲಿಯದೆ ಕರಗಿಹೋಗುತ್ತದೆ.

ಸ್ವಲ್ಪ ನೆರಳಿರುವ, ಬೇರೆ ದಾರಿಯಿಲ್ಲದ ಜಾಗಕ್ಕೆ ಇನ್ನೊಂದು ಉಪಾಯವಿದೆ. ಗಿಡ 15 ಸೆಂ.ಮೀ. ಬೆಳೆದಾಗಲೇ, ಮೊಗ್ಗು ಕಾಣುವ ಮುಂಚೆ, ಮೇಲಿನ ಮೂರನೇ ಒಂದು ಭಾಗ ಚಿವುಟಿ. ಹೂ ಒಂದೆರಡು ವಾರ ತಡವಾಗುತ್ತದೆ, ಆದರೆ ಕವಲು ಹೆಚ್ಚಿ ಗಿಡ ಗಟ್ಟಿಯಾಗಿ ನಿಲ್ಲುತ್ತದೆ.

ಬುಡ ಮುದಿಯಾದರೆ

ಮೂರು-ನಾಲ್ಕು ವರ್ಷಕ್ಕೊಮ್ಮೆ ವಸಂತದಲ್ಲಿ, ಚಿಗುರು 5–8 ಸೆಂ.ಮೀ. ಇರುವಾಗ, ಗಿಡವನ್ನು ಬುಡಸಮೇತ ಎತ್ತಿ. ಚೂಪಾದ ಚಾಕುವಿನಿಂದ ಹೊರಸುತ್ತನ್ನು ನಾಲ್ಕಾರು ಹೋಳು ಮಾಡಿ, ಪ್ರತಿ ಹೋಳಿಗೂ ಮೂರರಿಂದ ಐದು ಚಿಗುರು, ಜೊತೆಗೆ ಬೇರು ಇರಲಿ. ನಡುವಿನ ಕಟ್ಟಿಗೆ ಭಾಗವನ್ನು ಬಿಸಾಡಿ. ಅದನ್ನು ಮತ್ತೆ ನೆಟ್ಟು ಉಳಿಸುವ ಪ್ರಯತ್ನ ಬೇಡ. ಕಡ್ಡಿಯಿಂದಲೂ ಸುಲಭವಾಗಿ ಬರುತ್ತದೆ. ಹೂವಿಲ್ಲದ 7–10 ಸೆಂ.ಮೀ. ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಸಮಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಹಗುರವಾದ ಬಿಳಿ ಹರಳಿನಂಥ ಪರ್ಲೈಟ್‌ನಲ್ಲಿ ಊರಿದರೆ ಎರಡು-ಮೂರು ವಾರಕ್ಕೆ ಬೇರು. ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಮುಚ್ಚಬೇಡಿ, ರೋಮದ ಎಲೆ ತೇವ ಹಿಡಿದು ಕೊಳೆಯುತ್ತದೆ. ಹೊಸ ತಳಿಗಳಲ್ಲಿ ಹಲವಕ್ಕೆ ಅಮೆರಿಕದಲ್ಲಿ ಪೇಟೆಂಟ್ ಇರುವುದರಿಂದ ಅಲ್ಲಿ ಅವನ್ನು ಸಸಿ ಮಾಡಿ ಮಾರುವಂತಿಲ್ಲ ಎಂಬುದೂ ನೆನಪಿರಲಿ.

ಬೆಕ್ಕಿನ ವಿಷಯ. ಎಲೆ ಜಜ್ಜಿದಾಗ ಹೊರಡುವ ನೆಪೆಟಲ್ಯಾಕ್ಟೋನ್ ಎಂಬ ಸಂಯುಕ್ತ ಅವನ್ನು ಸೆಳೆಯುತ್ತದೆ, ಎಲ್ಲ ಬೆಕ್ಕುಗಳನ್ನಲ್ಲ. ಕ್ಯಾಟ್‌ನಿಪ್‌ನಷ್ಟು ಸೆಳೆತ ಇದಕ್ಕಿಲ್ಲ, ಆದರೂ ಹೊಸದಾಗಿ ನೆಟ್ಟ ಸಸಿಗೆ ಅಪಾಯ ಹೆಚ್ಚು, ನೆಡುವಾಗ ನಮ್ಮ ಕೈ ತಗುಲಿದ ಎಲೆಯಿಂದಲೇ ವಾಸನೆ ಹರಡಿರುತ್ತದೆ. ಮೊದಲ ತಿಂಗಳು ತಂತಿಬಲೆಯನ್ನು ಬೋರಲು ಬುಟ್ಟಿಯಂತೆ ಮುಚ್ಚಿಡಿ, ಗಿಡ ಅದರ ಕಣ್ಣುಗಳಿಂದ ಹೊರಬಂದು ಬಲೆಯನ್ನೇ ಮರೆಮಾಡುತ್ತದೆ.

ರಾತ್ರಿಯೂ ಬಿಸಿ ಆರದ, ಗಾಳಿಯಲ್ಲಿ ಸದಾ ತೇವವಿರುವ ಹವೆಯಲ್ಲಿ ಮೇಲಿನದ್ದೆಲ್ಲ ಸರಿಯಾಗಿ ಮಾಡಿದರೂ ಈ ಗಿಡ ಸೊರಗುತ್ತದೆ. ಅಂಥಲ್ಲಿ ತಳದಲ್ಲಿ ತೂತಿರುವ 30 ಸೆಂ.ಮೀ. ಅಗಲದ ಮಣ್ಣಿನ ಕುಂಡದಲ್ಲಿ, ಮಣ್ಣಿಗೆ ಮೂರನೇ ಒಂದು ಪಾಲು ಸಣ್ಣ ಜಲ್ಲಿ ಬೆರೆಸಿ ನೆಟ್ಟು, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ಮಳೆ ನೇರ ಹೊಡೆಯದ ಕಡೆ ಇಡಿ. ಬೆರಳಿನಿಂದ ಮೂರು ಸೆಂ.ಮೀ. ಆಳ ಕೆದಕಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು ಹಾಕಿ.