ಲೇಸರ್ ಸಂವಹನಕ್ಕೆ ಮೋಡ ಕವಿದ ಕಥೆ

ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು ಮೇಲೆ ತಮ್ಮತಮ್ಮಲ್ಲಿ ಲೇಸರ್‌ನಲ್ಲೇ ಮಾತಾಡಿಕೊಳ್ಳುತ್ತವೆ. ಅದೇ ದತ್ತಾಂಶ ನೆಲಕ್ಕಿಳಿಯಬೇಕಾದಾಗ ಮಾತ್ರ ಹಳೆಯ ರೇಡಿಯೊ ಅಲೆಯೇ ಗತಿ. ಯಾಕೆ ಹೀಗೆ?

1960ರಲ್ಲಿ ಲೇಸರ್ ಹುಟ್ಟಿತು. 1992ರಲ್ಲಿ ಭೂಮಿಯಿಂದ ಬಿಟ್ಟ ಲೇಸರ್ ಮಿಂಚನ್ನು ಗೆಲಿಲಿಯೊ ನೌಕೆಯ ಕ್ಯಾಮೆರಾ ಲಕ್ಷಾಂತರ ಕಿಲೋಮೀಟರ್ ಆಚೆ ಹಿಡಿಯಿತು. 2001ರಲ್ಲಿ ಸ್ಪಾಟ್-4 ಎಂಬ ಭೂವೀಕ್ಷಣಾ ಉಪಗ್ರಹ ತೆಗೆದ ಚಿತ್ರಗಳು ಲೇಸರ್ ಏರಿ ಯುರೋಪಿನ ಆರ್ಟೆಮಿಸ್ ಉಪಗ್ರಹ ಸೇರಿದವು.

ಜನ ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು 2013ರಲ್ಲಿ. ನಾಸಾದ ಲ್ಯಾಡೀ ನೌಕೆ ಚಂದ್ರನ ಕಕ್ಷೆಯಿಂದ ಸೆಕೆಂಡಿಗೆ 622 ಮೆಗಾಬಿಟ್ ಕಳಿಸಿತು. ಅದರ ಲೇಸರ್ ಬರೀ ಅರ್ಧ ವ್ಯಾಟಿನದು, ದೂರದರ್ಶಕ ಅಂಗೈಯಗಲ, 10 ಸೆಂ.ಮೀ. ಅಷ್ಟು ದೂರ ಬಂದರೂ ಕಿರಣ ಹರಡಿದ್ದು ಸುಮಾರು 6 ಕಿ.ಮೀ.ಗೆ ಮಾತ್ರ. ರೇಡಿಯೊ ಆಗಿದ್ದರೆ ಇಡೀ ಖಂಡವನ್ನೇ ತೋಯಿಸುತ್ತಿತ್ತು. ಶಕ್ತಿ ಪೋಲಾಗುವುದಿಲ್ಲ, ನಿಜ. ಆದರೆ ಗುರಿ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಕೆಳಕಕ್ಷೆಯ ಉಪಗ್ರಹ ಸೆಕೆಂಡಿಗೆ 7.5 ಕಿ.ಮೀ. ಓಡುತ್ತದೆ. ಸಾವಿರ ಕಿ.ಮೀ. ದೂರದಿಂದ ಅದರ ಬೆಳಕು ನಮ್ಮನ್ನು ತಲುಪಿ, ನಮ್ಮ ಬೆಳಕು ಅದನ್ನು ಮುಟ್ಟುವಷ್ಟರಲ್ಲಿ ಅದು ಸುಮಾರು 50 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ನೆಲದ ಲೇಸರ್ ಕಣ್ಣಿಗೆ ಕಾಣುವ ಉಪಗ್ರಹವನ್ನು ಬಿಟ್ಟು ಅದರ ಮುಂದಿನ ಖಾಲಿ ಜಾಗಕ್ಕೆ ಗುರಿಯಿಡಬೇಕು!

ಈ ಕಸರತ್ತು ಈಗ ಕರಗತವಾಗಿದೆ. 2023ರಲ್ಲಿ ಉಪಗ್ರಹವೊಂದರಲ್ಲಿದ್ದ ಟಿಬರ್ಡ್ ಎಂಬ ಪುಟ್ಟ ಲೇಸರ್ ಉಪಕರಣ ಸೆಕೆಂಡಿಗೆ 200 ಗಿಗಾಬಿಟ್ ಇಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ಷುದ್ರಗ್ರಹವೊಂದರತ್ತ ಹೊರಟಿದ್ದ ನಾಸಾದ ಸೈಕಿ ನೌಕೆ 3.1 ಕೋಟಿ ಕಿ.ಮೀ. ದೂರದಿಂದ ಬೆಕ್ಕಿನ ವಿಡಿಯೊ ಕಳಿಸಿದಾಗ ಎಲ್ಲರೂ ಬೆಕ್ಕನ್ನು ನೋಡಿದರು. ಅದನ್ನು ಹಿಡಿದದ್ದು ನಕ್ಷತ್ರ ನೋಡಲೆಂದು ಕಟ್ಟಿ 1948ರಲ್ಲಿ ಲೋಕಾರ್ಪಣೆಯಾದ, ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದ 5 ಮೀಟರ್ ದೂರದರ್ಶಕ ಎಂಬುದನ್ನು ಗಮನಿಸಿದವರು ಕಡಿಮೆ. ಹಾರುವ ಉಪಕರಣ ಹೊಚ್ಚಹೊಸದು, ನೆಲದ ಕಣ್ಣು ಎರವಲಿನದು.

ತೊಡಕಿರುವುದೂ ಇಲ್ಲೇ. ಲೇಸರ್‌ನ ಈ ಅವಕೆಂಪು (ಕಣ್ಣಿಗೆ ಕಾಣದ) ಕಿರಣ ದಟ್ಟ ಮೋಡವನ್ನು ದಾಟದು. ನಕ್ಷತ್ರವನ್ನು ಮಿನುಗಿಸುವ ಗಾಳಿಯೇ ಇದನ್ನೂ ಕಲಕುತ್ತದೆ. ಅದನ್ನು ಸರಿಪಡಿಸಲು ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಕನ್ನಡಿ ಬೇಕು. ವಿಮಾನ ಅಡ್ಡ ಬಂದರೆ ಮೇಲ್ಮುಖ ಕಿರಣವನ್ನು ಆರಿಸಬೇಕು. 2021ರಲ್ಲಿ ಹಾರಿದ ನಾಸಾದ ಲೇಸರ್ ಸಂವಹನ ಪ್ರಯೋಗ ಎಲ್‌ಸಿಆರ್‌ಡಿಗೆ ಕ್ಯಾಲಿಫೋರ್ನಿಯಾದ ಟೇಬಲ್ ಮೌಂಟನ್ ಮತ್ತು ಹವಾಯಿಯ ಹಲೇಅಕಲಾ ಶಿಖರಗಳಲ್ಲಿ ನಿಲ್ದಾಣ ಕೊಟ್ಟದ್ದು, ಒಂದಕ್ಕೆ ಮೋಡ ಕವಿದರೆ ಇನ್ನೊಂದಿರಲಿ ಎಂದು. ನಿತ್ಯದ ಸೇವೆಗೆ ಎರಡು ಎಲ್ಲಿ ಸಾಲುತ್ತವೆ? ಬೇರೆಬೇರೆ ಹವೆಯ ಊರುಗಳಲ್ಲಿ ಇಂಥ ಹಲವು ಬೇಕು. ಆದರೆ ಗುಡ್ಡದ ಮೇಲಿನ ಗುಮ್ಮಟಕ್ಕೆ ರಾಕೆಟ್ ಉಡಾವಣೆಯ ಚಪ್ಪಾಳೆ ಸಿಗುವುದಿಲ್ಲ.

ಬೆಕ್ಕನ್ನು ಕಳಿಸಿದ ಸೈಕಿಯ ಲೇಸರ್ ಪ್ರಯೋಗ 2025ರಲ್ಲಿ ಮುಗಿಯಿತು. ಕ್ಷುದ್ರಗ್ರಹದ ಮಾಹಿತಿ ಕಳಿಸಲು ನೌಕೆ ನೆಚ್ಚಿಕೊಂಡಿರುವುದು ರೇಡಿಯೊವನ್ನೇ.